ಬಡಗಿಯ ಎಡಗೈ: ಕೆಲಸದ ಗಾಯ ಮತ್ತು ಪರಿಹಾರದ ಒಂದು ಪ್ರಕರಣ ಅಧ್ಯಯನ

1968ರ ಜುಲೈ 6ರಂದು ಒಡಿಶಾದ ಕೋರಾಪುಟ್ ಜಿಲ್ಲೆಯ ಜೈಪುರ ಪಟ್ಟಣದ ಚಿತ್ರಮಂದಿರವೊಂದರಲ್ಲಿ ಅಲಂಕಾರದ ಮರಗೆಲಸ ಮಾಡುತ್ತಿದ್ದ ಬಡಗಿಯೊಬ್ಬರು ಕೆಲಸದ ನಡುವೆ ಕೆಳಗೆ ಬಿದ್ದರು. ಆ ಪೆಟ್ಟಿನಿಂದಾಗಿ ಅವರ ಎಡತೋಳನ್ನು ಮೊಣಕೈಯಿಂದ ಮೇಲೆ ಕತ್ತರಿಸಿ ತೆಗೆಯಬೇಕಾಯಿತು. ಅವರಿಗೆ ಬರುತ್ತಿದ್ದ ಸಂಬಳ ತಿಂಗಳಿಗೆ 120 ರೂಪಾಯಿ. ಈ ಕೈಯ ಬೆಲೆ ಎಷ್ಟು, ಅದನ್ನು ಯಾವಾಗ ಕೊಡಬೇಕಿತ್ತು ಎಂಬ ವ್ಯಾಜ್ಯ ಕಾರ್ಮಿಕರ ಪರಿಹಾರ ಆಯುಕ್ತರ ಮುಂದೆ ಆರಂಭವಾಗಿ, ಒರಿಸ್ಸಾ ಹೈಕೋರ್ಟನ್ನು ಹಾದು, 1975ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳ ಪೀಠದ ಮುಂದೆ ಮುಗಿಯಿತು. ತೀರ್ಪು ಕೆಲವೇ ಪುಟಗಳದ್ದು. ಆದರೆ ಕೆಲಸದ ಗಾಯಕ್ಕೆ ಸಂಬಂಧಿಸಿದ ಮೊಕದ್ದಮೆಗಳಲ್ಲಿ, ಕರ್ನಾಟಕದ ನ್ಯಾಯಾಲಯಗಳೂ ಸೇರಿದಂತೆ, ಇಂದಿಗೂ ವಕೀಲರು ಮೊದಲು ಎತ್ತಿ ಹಿಡಿಯುವ ತೀರ್ಪುಗಳಲ್ಲಿ ಅದೂ ಒಂದು. ಕಕ್ಷಿಗಾರರ ಹೆಸರುಗಳು ಈ ಬರಹಕ್ಕೆ ಅಗತ್ಯವಿಲ್ಲ. ಬಡಗಿ, ಮಾಲೀಕ ಎಂದರೆ ಸಾಕು.

ಪ್ರಕರಣವನ್ನು ಅರ್ಥ ಮಾಡಿಕೊಳ್ಳಲು ಮೊದಲು ಬಡಗಿಯ ಎಡಗೈ ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ಬಲಗೈ ಕೊಡತಿ ಬೀಸುತ್ತದೆ, ಗರಗಸ ಎಳೆಯುತ್ತದೆ. ನೋಡುವವರ ಕಣ್ಣಿಗೆ ಕೆಲಸ ಮಾಡುವುದು ಅದೇ. ಆದರೆ ಉಳಿಯನ್ನು ಗೆರೆಯ ಮೇಲೆ ನಿಲ್ಲಿಸಿ, ಪ್ರತಿ ಪೆಟ್ಟಿಗೂ ಅದರ ಓರೆಯನ್ನು ಕೂದಲೆಳೆಯಷ್ಟು ತಿದ್ದುವುದು ಎಡಗೈ. ಹಲಗೆಯನ್ನು ಒತ್ತಿ ಹಿಡಿಯುವುದು, ತೋಪಡದ ಮುಂಭಾಗಕ್ಕೆ ಭಾರ ಕೊಟ್ಟು ಅದು ನೆಗೆಯದಂತೆ ನಡೆಸುವುದು, ಮೊಳೆಯ ಮೊದಲ ಎರಡು ಪೆಟ್ಟಿಗೆ ಅದನ್ನು ನೆಟ್ಟಗೆ ನಿಲ್ಲಿಸುವುದು, ಅಟ್ಟಣಿಗೆಯ ಮೇಲೆ ನಿಂತಾಗ ಆಸರೆ ಹಿಡಿಯುವುದು, ಎಲ್ಲವೂ ಎಡಗೈಯ ಪಾಲು. ಚಿತ್ರಮಂದಿರದ ಅಲಂಕಾರದ ಕೆಲಸವೆಂದರೆ ಬಾಗಿಲಿನ ಚೌಕಟ್ಟು ಕೂರಿಸುವಂಥ ಒರಟು ಕೆಲಸವಲ್ಲ; ಉಳಿಯ ಹಿಡಿತವೇ ಅದರ ಜೀವ.

ಮೊಣಕೈಯಿಂದ ಮೇಲೆ ತೋಳು ಹೋದವರಿಗೆ ವೈದ್ಯಕೀಯವು ಮಾಡಿಕೊಡಬಲ್ಲದ್ದು ಇಂದಿಗೂ ಮಿತವಾದದ್ದೇ. ರಕ್ತಸ್ರಾವ ನಿಲ್ಲಿಸಿ, ಸೋಂಕು ಹಬ್ಬದಂತೆ ತಡೆದು, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟು, ಮೂಳೆಯ ತುದಿಯ ಮೇಲೆ ಸ್ನಾಯು ಮತ್ತು ಚರ್ಮವನ್ನು ಸರಿಯಾಗಿ ಹೊದಿಸಿ ಮುಚ್ಚುವುದು ಮೊದಲ ಹಂತ. ಉಳಿದ ಮೋಟು ತೋಳು ಊತ ಇಳಿದು ಆಕಾರಕ್ಕೆ ಬರಲು ವಾರಗಟ್ಟಲೆ ಪಟ್ಟಿ ಸುತ್ತಬೇಕು, ಭುಜದ ಕೀಲು ಬಿಗಿದುಕೊಳ್ಳದಂತೆ ವ್ಯಾಯಾಮ ಮಾಡಿಸಬೇಕು. ಕತ್ತರಿಸಿದ ನರದ ತುದಿಯಲ್ಲಿ ಗಂಟು ಬೆಳೆದು ಮುಟ್ಟಿದರೆ ಜೀವ ಹೋದಂತಾಗುವುದು, ಇಲ್ಲದ ಕೈಯ ಬೆರಳುಗಳು ನೋಯುವಂತೆ ಅನಿಸುವುದು, ಇವು ಬಹಳ ಮಂದಿಯನ್ನು ವರ್ಷಗಟ್ಟಲೆ ಕಾಡುತ್ತವೆ. ಕೆಲವರಿಗೆ ಎರಡನೆಯ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಇದೇ 1968ರಲ್ಲಿ, ಹೆಸರಿನಲ್ಲಿ ಮಾತ್ರ ನೆಂಟಸ್ತಿಕೆಯಿರುವ ರಾಜಸ್ಥಾನದ ಜೈಪುರದಲ್ಲಿ, ಬರಿಗಾಲಿನಲ್ಲಿ ಗದ್ದೆಗೆ ಇಳಿಯಬಲ್ಲ ಕೃತಕ ಪಾದವೊಂದು ರೂಪುಗೊಂಡು ಮುಂದೆ ದೇಶವೆಲ್ಲ ಹೆಸರಾಯಿತು. ಕಾಲು ಕಳೆದುಕೊಂಡ ಕೂಲಿಕಾರ ಅದನ್ನು ತೊಟ್ಟು ಕೆಲಸಕ್ಕೆ ಮರಳಬಹುದು. ಕೈಯ ವಿಷಯದಲ್ಲಿ ಅಂಥ ಅಗ್ಗದ ಉತ್ತರವಿಲ್ಲ. ಭುಜದ ಪಟ್ಟಿಯಿಂದ ಎಳೆದು ತೆರೆಯುವ ಕೊಕ್ಕೆಯಾಗಲಿ, ಸ್ನಾಯುವಿನ ವಿದ್ಯುತ್ ಸಂಕೇತ ಹಿಡಿದು ಮುಚ್ಚಿ ತೆರೆಯುವ ದುಬಾರಿ ಕೈಯಾಗಲಿ ಲೋಟ ಹಿಡಿಯಬಹುದು, ಚೀಲ ಎತ್ತಬಹುದು. ಉಳಿಯ ಓರೆಯನ್ನು ತಿದ್ದಲಾರದು.

ಅಪಘಾತವಾಗಿ ಒಂದು ತಿಂಗಳು ಕಳೆದ ಮೇಲೆ, ಆಗಸ್ಟಿನಲ್ಲಿ, ಬಡಗಿ ಪರಿಹಾರ ಕೇಳಿ ಮಾಲೀಕನಿಗೆ ನೋಟಿಸು ಕೊಟ್ಟರು. ಮಾಲೀಕ ಅದೇ ತಿಂಗಳಲ್ಲಿ ಉತ್ತರಿಸಿದ. ಈತ ನನ್ನ ನೌಕರನಲ್ಲ, ಆಗೊಮ್ಮೆ ಈಗೊಮ್ಮೆ ಬಂದು ಗುತ್ತಿಗೆ ಕೆಲಸ ಮಾಡುವವನು. ಬಿದ್ದದ್ದೂ ಅವನ ಅಜಾಗರೂಕತೆಯಿಂದಲೇ ಎಂಬುದು ಉತ್ತರದ ಸಾರ. ಅರ್ಧ ಶತಮಾನ ದಾಟಿದರೂ ಈ ಎರಡು ವಾಕ್ಯಗಳು ಒಂದಕ್ಷರ ಬದಲಾಗದೆ ಕಟ್ಟಡದ ಮೇಸ್ತ್ರಿಗಳ, ಗಿರಣಿಯ ಯಜಮಾನರ ಉತ್ತರಗಳಲ್ಲಿ ಕಾಣಿಸಿಕೊಳ್ಳುತ್ತಲೇ ಇವೆ. ಆದ್ದರಿಂದ ಅವು ಕಾನೂನಿನಲ್ಲಿ ಏಕೆ ನಿಲ್ಲುವುದಿಲ್ಲ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು.

1923ರ ಕಾರ್ಮಿಕರ ಪರಿಹಾರ ಕಾಯ್ದೆ ಆಗ ‘ಕಾರ್ಮಿಕ’ನ ವ್ಯಾಖ್ಯೆಯಿಂದ ಕೆಲವರನ್ನು ಹೊರಗಿಟ್ಟಿದ್ದು ನಿಜ. ಆದರೆ ಹೊರಗುಳಿಯಲು ಎರಡು ಷರತ್ತುಗಳು ಒಟ್ಟಿಗೆ ಇರಬೇಕಿತ್ತು: ಕೆಲಸ ಆಕಸ್ಮಿಕ ಸ್ವರೂಪದ್ದಾಗಿರಬೇಕು, ಜೊತೆಗೆ ಅದು ಮಾಲೀಕನ ವ್ಯಾಪಾರ ವಹಿವಾಟಿಗೆ ಸಂಬಂಧಪಡದ್ದಾಗಿರಬೇಕು. ಮನೆಯ ಹೆಂಚು ಒಡೆದಾಗ ಕರೆಸಿದವನು ಬೇರೆ; ಟಿಕೆಟು ಮಾರಿ ಹಣ ಗಳಿಸುವ ಚಿತ್ರಮಂದಿರವನ್ನು ಸಿಂಗರಿಸಲು ಕರೆಸಿದವನು ಬೇರೆ. 2000ನೇ ಇಸವಿಯ ತಿದ್ದುಪಡಿ ಈ ವಿನಾಯಿತಿಯನ್ನೇ ಕಿತ್ತುಹಾಕಿತು, ಹೀಗಾಗಿ ಆಮೇಲಿನ ಮಾಲೀಕರಿಗೆ ಅದನ್ನು ಎತ್ತುವ ಅವಕಾಶವೂ ಉಳಿಯಲಿಲ್ಲ. ನಡುವೆ ಗುತ್ತಿಗೆದಾರನಿದ್ದರೂ, ಮಾಲೀಕನ ವ್ಯವಹಾರದ ಭಾಗವಾದ ಕೆಲಸದಲ್ಲಿ ಆದ ಗಾಯಕ್ಕೆ 12ನೇ ಕಲಮಿನ ಪ್ರಕಾರ ಮೂಲ ಮಾಲೀಕನಿಂದಲೇ ಪರಿಹಾರ ಕೇಳಬಹುದಿತ್ತು. ಅವನು ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು.

ಇನ್ನು ಅಜಾಗರೂಕತೆ. ಈ ಕಾಯ್ದೆಯ ಅಡಿಪಾಯವೇ ತಪ್ಪು ಯಾರದ್ದೆಂದು ಕೇಳದಿರುವುದು. ಗಾಯ ಉದ್ಯೋಗದಿಂದ ಉಂಟಾದದ್ದೇ, ಉದ್ಯೋಗದ ಅವಧಿಯಲ್ಲಿ ಆದದ್ದೇ, ಈ ಎರಡಕ್ಕೆ ಹೌದೆಂದರೆ ಮಾಲೀಕನ ಹೊಣೆ ಹುಟ್ಟುತ್ತದೆ. ಕುಡಿದ ಅಮಲು, ಸುರಕ್ಷತಾ ಆದೇಶವನ್ನು ಬೇಕೆಂದೇ ಮೀರುವುದು, ಸುರಕ್ಷತಾ ಸಾಧನವನ್ನು ಬೇಕೆಂದೇ ತೆಗೆದುಹಾಕುವುದು, ಈ ಮೂರನ್ನು ಮಾತ್ರ ಕಾನೂನು ಮಾಲೀಕನ ರಕ್ಷಣೆಗೆ ಒಪ್ಪುತ್ತದೆ. 1995ರ ತಿದ್ದುಪಡಿಯ ನಂತರ, ಸಾವು ಅಥವಾ ಶಾಶ್ವತ ಪೂರ್ಣ ಅಸಮರ್ಥತೆ ಆಗಿದ್ದರೆ ಈ ಮೂರೂ ಕೆಲಸಕ್ಕೆ ಬರುವುದಿಲ್ಲ. ಕಾಲು ಜಾರಿದ್ದು, ಗಮನ ತಪ್ಪಿದ್ದು ಯಾವ ಕಾಲಕ್ಕೂ ಈ ಪಟ್ಟಿಯಲ್ಲಿ ಇರಲಿಲ್ಲ.

ಮುಂದೆ ನಡೆದದ್ದು ಪ್ರಕರಣದ ಅತ್ಯಂತ ಅಹಿತಕರ ಭಾಗ. ನೌಕರನೇ ಅಲ್ಲ ಎಂದ ಮಾಲೀಕ, ಬಡಗಿಯನ್ನು ಒಪ್ಪಿಸಿ, ಅಲ್ಪ ಮೊತ್ತಕ್ಕೆ ವ್ಯಾಜ್ಯ ಮುಗಿಸುವ ರಾಜಿ ಒಪ್ಪಂದವೊಂದನ್ನು ಆಯುಕ್ತರಿಗೆ ಸಲ್ಲಿಸುವಂತೆ ಮಾಡಿದ. ಮೊತ್ತ ಎಷ್ಟು ಕಡಿಮೆಯಿತ್ತೆಂದರೆ ಆಯುಕ್ತರು ಅದನ್ನು ತಿರಸ್ಕರಿಸಿದರು. ಕಾಯ್ದೆಯ 28ನೇ ಕಲಂ ಅವರಿಗೆ ಆ ಅಧಿಕಾರ ಕೊಟ್ಟಿತ್ತು: ಪರಿಹಾರದ ರಾಜಿ ಆಯುಕ್ತರಲ್ಲಿ ನೋಂದಣಿಯಾಗಬೇಕು, ಮೊತ್ತ ಸಾಲದು ಎನಿಸಿದರೆ ಅಥವಾ ಒತ್ತಡ, ವಂಚನೆಯಿಂದ ಪಡೆದದ್ದೆನಿಸಿದರೆ ಅವರು ನೋಂದಣಿ ನಿರಾಕರಿಸಬಹುದು. ಸಾಮಾನ್ಯ ಸಿವಿಲ್ ವ್ಯಾಜ್ಯದಲ್ಲಿ ಇಬ್ಬರೂ ಒಪ್ಪಿ ಸಹಿ ಹಾಕಿದರೆ ನ್ಯಾಯಾಲಯ ಹೆಚ್ಚು ಕೆದಕುವುದಿಲ್ಲ. ಇಲ್ಲಿ ಕೆದಕಲೇಬೇಕೆಂದು ಕಾನೂನು ಹೇಳಿದ್ದು, ಮನೆಯಲ್ಲಿ ಅಕ್ಕಿ ಮುಗಿದ ಮನುಷ್ಯ ಯಾವ ಕಾಗದಕ್ಕಾದರೂ ಸಹಿ ಹಾಕುತ್ತಾನೆಂಬ ಅರಿವಿನಿಂದ. ನನ್ನ ದೃಷ್ಟಿಯಲ್ಲಿ ಇಡೀ ಕಾಯ್ದೆಯಲ್ಲಿ ಇಷ್ಟು ವಿವೇಕದ ಕಲಂ ಇನ್ನೊಂದಿಲ್ಲ, ಇಷ್ಟು ಕಡಿಮೆ ಬಳಕೆಯಾದದ್ದೂ ಇನ್ನೊಂದಿಲ್ಲ. ಹತ್ತಿಪ್ಪತ್ತು ಸಾವಿರ ಕೈಗಿಟ್ಟು, ಛಾಪಾ ಕಾಗದದ ಮೇಲೆ ‘ಇನ್ನು ಯಾವ ತಕರಾರೂ ಇಲ್ಲ’ ಎಂದು ಬರೆಸಿಕೊಳ್ಳುವ ಪದ್ಧತಿ ಇನ್ನೂ ನಿಂತಿಲ್ಲ. ಹಕ್ಕನ್ನು ಬಿಟ್ಟುಕೊಡುವ ಅಂಥ ಒಪ್ಪಂದ 17ನೇ ಕಲಮಿನ ಪ್ರಕಾರ ಅನೂರ್ಜಿತವೆಂದು ಸಹಿ ಹಾಕಿದವರಿಗೆ ಯಾರೂ ಹೇಳಿರುವುದಿಲ್ಲ.

ಆಯುಕ್ತರು 1969ರ ಮೇ ತಿಂಗಳಲ್ಲಿ ಆದೇಶ ಕೊಟ್ಟರು. ಅಪಘಾತದಿಂದ ಅಲ್ಲಿಗೆ ಸುಮಾರು ಹತ್ತು ತಿಂಗಳು. ಇಂದಿನ ವೇಗಕ್ಕೆ ಹೋಲಿಸಿದರೆ ಅಸೂಯೆ ಪಡುವಂಥದ್ದು. ಬಡಗಿಗೆ ಆಗಿರುವುದು ಪೂರ್ಣ ಅಸಮರ್ಥತೆ ಎಂದು ಅವರು ನಿರ್ಣಯಿಸಿ 9,800 ರೂಪಾಯಿ ಪರಿಹಾರ, ಕಾಲಕ್ಕೆ ಕೊಡದಿದ್ದಕ್ಕೆ ಅದರ ಅರ್ಧದಷ್ಟು ದಂಡ, ವರ್ಷಕ್ಕೆ ಶೇ. 6ರ ಬಡ್ಡಿ ಎಂದು ಗೊತ್ತುಮಾಡಿದರು. ಒಟ್ಟು 15,092 ರೂಪಾಯಿ. ಲೆಕ್ಕ ಬಿಡಿಸಿದರೆ ದಂಡ 4,900, ಬಡ್ಡಿ 392. 9,800ಕ್ಕೆ ಆ ದರದಲ್ಲಿ ತಿಂಗಳ ಬಡ್ಡಿ 49 ರೂಪಾಯಿ ಆಗುವುದರಿಂದ 392 ಎಂದರೆ ಎಂಟು ತಿಂಗಳ ಬಡ್ಡಿ. ಪರಿಹಾರದ ಮೂಲ ಮೊತ್ತವು ಬಡಗಿಯ ಆರು ವರ್ಷ ಒಂಬತ್ತು ತಿಂಗಳ ಸಂಬಳಕ್ಕಿಂತ ತುಸು ಹೆಚ್ಚು. ಆಗ ಗಾಯಾಳುವಿನ ವಯಸ್ಸಿಗೆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ಸಂಬಳದ ಒಂದೊಂದು ಹಂತಕ್ಕೆ ಒಂದೊಂದು ಮೊತ್ತವನ್ನು ಕೋಷ್ಟಕದಲ್ಲಿ ಬರೆದಿಟ್ಟಿದ್ದರು, ಇಪ್ಪತ್ತರ ಹುಡುಗನಿಗೂ ಐವತ್ತೈದರ ಹಿರಿಯನಿಗೂ ಅದೇ. ವಯಸ್ಸಿನ ಗುಣಕ ಬಂದದ್ದು 1984ರ ತಿದ್ದುಪಡಿಯಲ್ಲಿ.

ಆದೇಶವನ್ನು ರದ್ದುಪಡಿಸುವಂತೆ ಕೇಳಿ ಮಾಲೀಕ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದ. ಹೈಕೋರ್ಟು ಅದನ್ನು ಆರಂಭದಲ್ಲೇ ವಜಾ ಮಾಡಿತು. ಅಲ್ಲಿಂದ ವಿಶೇಷ ಅನುಮತಿ ಪಡೆದು ಸುಪ್ರೀಂ ಕೋರ್ಟಿಗೆ ಹೋದ. ಅಲ್ಲಿ ಅವನ ವಾದ ಎರಡೇ ಅಂಶಗಳ ಮೇಲೆ ನಿಂತಿತು.

ಶೇಕಡಾ ಎಪ್ಪತ್ತೋ, ನೂರೋ

ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಅಂದರೆ ಕೊನೆಗೆ ಲಗತ್ತಿಸಿದ ಗಾಯಗಳ ಪಟ್ಟಿಯಲ್ಲಿ, ಎರಡು ಭಾಗಗಳಿವೆ. ಎರಡೂ ಕೈ, ಎರಡೂ ಕಣ್ಣು ಹೋಗುವಂಥವು ಮೊದಲ ಭಾಗದಲ್ಲಿ, ಅವಕ್ಕೆ ನೂರಕ್ಕೆ ನೂರು. ಎರಡನೆಯ ಭಾಗದಲ್ಲಿ ಒಂದೊಂದು ಅಂಗಕ್ಕೆ ಒಂದೊಂದು ಶೇಕಡಾವಾರು. ತೋಳಿನ ವಿಷಯದಲ್ಲಿ ಈ ಪಟ್ಟಿ ಅಂಗುಲದ ಲೆಕ್ಕಕ್ಕೆ ಇಳಿಯುತ್ತದೆ: ಭುಜದ ಕೀಲಿನಲ್ಲೇ ಹೋದರೆ ಶೇ. 90, ಭುಜದ ತುದಿಯ ಎಲುಬಿನಿಂದ 8 ಅಂಗುಲಕ್ಕಿಂತ ಕಡಿಮೆ ಮೋಟು ಉಳಿದಿದ್ದರೆ ಶೇ. 80, ಆ 8 ಅಂಗುಲದಿಂದ ಹಿಡಿದು ಮೊಣಕೈ ತುದಿಯ ಕೆಳಗೆ ನಾಲ್ಕೂವರೆ ಅಂಗುಲದೊಳಗೆ ಕತ್ತರಿಸಿದ್ದರೆ ಶೇ. 70. ಬಡಗಿಯ ತೋಳು ಈ ಮೂರನೆಯ ಸಾಲಿಗೆ ಬರುತ್ತದೆ, ಆದ್ದರಿಂದ ಇದು ಶಾಶ್ವತ ಭಾಗಶಃ ಅಸಮರ್ಥತೆ, ನೂರಲ್ಲ ಎಪ್ಪತ್ತು ಎಂಬುದು ಮಾಲೀಕನ ವಾದ. ಹಾಗೆ ಆಗಿದ್ದರೆ ಪರಿಹಾರ 6,860 ರೂಪಾಯಿಗೆ ಇಳಿಯುತ್ತಿತ್ತು. ಕಳೆಯುವ 2,940 ರೂಪಾಯಿ ಎಂದರೆ ಬಡಗಿಯ ಎರಡು ವರ್ಷಕ್ಕೂ ಹೆಚ್ಚಿನ ಸಂಬಳ.

ವಾದ ಬರಿಯ ಕುತರ್ಕವಲ್ಲ, ಅದಕ್ಕೆ ಕಾಯ್ದೆಯ ಅಕ್ಷರದ ಬೆಂಬಲವಿತ್ತು. ಎರಡನೆಯ ಭಾಗದ ಪ್ರತಿಯೊಂದು ಗಾಯವನ್ನೂ ಶಾಶ್ವತ ಭಾಗಶಃ ಅಸಮರ್ಥತೆಯೆಂದು ಭಾವಿಸತಕ್ಕದ್ದು ಎಂದು ವ್ಯಾಖ್ಯೆಯೇ ಹೇಳುತ್ತದೆ. ಆದರೆ ಪೀಠವು ಇನ್ನೊಂದು ವ್ಯಾಖ್ಯೆಯತ್ತ ನೋಡಿತು. ಅಪಘಾತವಾದಾಗ ಕಾರ್ಮಿಕನು ಮಾಡಬಲ್ಲವನಾಗಿದ್ದ ಎಲ್ಲ ಕೆಲಸಕ್ಕೂ ಅವನನ್ನು ಅಸಮರ್ಥನನ್ನಾಗಿ ಮಾಡುವುದೇ ಪೂರ್ಣ ಅಸಮರ್ಥತೆ. ಈತ ಬಡಗಿ, ಮರಗೆಲಸವನ್ನು ಒಂದೇ ಕೈಯಲ್ಲಿ ಮಾಡಲಾಗದು, ಆದ್ದರಿಂದ ಆಯುಕ್ತರ ನಿರ್ಣಯ ಸರಿ. ಇಷ್ಟೇ ತರ್ಕ, ಒಂದು ಪರಿಚ್ಛೇದದೊಳಗೆ ಮುಗಿಯುತ್ತದೆ.

ಇಷ್ಟು ಚಿಕ್ಕದಾಗಿ ಹೇಳಿದ್ದರಿಂದ ಒಂದು ತೊಡಕು ಉಳಿಯಿತೆಂದು ನನಗೆ ತೋರುತ್ತದೆ. ‘ಮಾಡಬಲ್ಲವನಾಗಿದ್ದ ಎಲ್ಲ ಕೆಲಸ’ ಎಂಬುದನ್ನು ಅಕ್ಷರಶಃ ಓದಿದರೆ, ಬಡಗಿಯು ಅಪಘಾತಕ್ಕೆ ಮುಂಚೆ ಕಾವಲುಗಾರನ ಕೆಲಸವನ್ನೂ ಮಾಡಬಲ್ಲವನಾಗಿದ್ದ, ಟಿಕೆಟು ಹರಿಯುವ ಕೆಲಸವನ್ನೂ ಮಾಡಬಲ್ಲವನಾಗಿದ್ದ, ಈಗಲೂ ಮಾಡಬಲ್ಲ. ಹಾಗಿದ್ದರೆ ಪೂರ್ಣ ಅಸಮರ್ಥತೆ ಎಲ್ಲಿಂದ ಬಂತು ಎಂದು ವಿಮಾ ಕಂಪನಿಯ ವಕೀಲರು ಕೇಳುತ್ತಾರೆ. ಇದಕ್ಕೆ ನನ್ನ ಉತ್ತರ ಇಷ್ಟು. ಕಾಯ್ದೆ ಅಳೆಯುವುದು ಗಳಿಕೆಯ ಸಾಮರ್ಥ್ಯವನ್ನು. ಹತ್ತು ಹದಿನೈದು ವರ್ಷ ಉಳಿ ಹಿಡಿದು ಕಲಿತ ಕಸುಬಿನಿಂದ ಬರುವ ಗಳಿಕೆ ಒಂದು, ಕಸುಬು ಹೋದ ಮೇಲೆ ಯಾರಾದರೂ ಕನಿಕರದಿಂದ ಕೊಡಬಹುದಾದ ಕಾವಲು ಕೆಲಸ ಇನ್ನೊಂದು. ಸಿಗಬಹುದಾದ ಆದರೆ ಸಿಗದಿರಲೂಬಹುದಾದ ಕೆಲಸದ ಹೆಸರಿನಲ್ಲಿ ಕಳೆದುಹೋದ ಕಸುಬಿನ ಬೆಲೆಯನ್ನು ತಗ್ಗಿಸುವುದು ಮಾಲೀಕನ ನಷ್ಟವನ್ನು ಗಾಯಾಳುವಿನ ಹೆಗಲಿಗೆ ದಾಟಿಸಿದಂತೆ. ಅದೇ ಗಾಯ ಲೆಕ್ಕ ಬರೆಯುವ ಗುಮಾಸ್ತರಿಗೆ ಆಗಿದ್ದರೆ ಎಪ್ಪತ್ತಕ್ಕಿಂತ ಹೆಚ್ಚು ಕೇಳುವುದು ಕಷ್ಟವಾಗುತ್ತಿತ್ತು, ಅದೂ ಸರಿಯೇ. 2010ರಲ್ಲಿ ಮೋಟಾರು ಅಪಘಾತದ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದೇ ಹೋಲಿಕೆಯನ್ನು ಬಿಡಿಸಿ ಹೇಳಿತು: ಎಡಗೈ ಹೋದವನು ಚಾಲಕನೋ ಬಡಗಿಯೋ ಆಗಿದ್ದರೆ ಗಳಿಕೆಯ ನಷ್ಟ ಹೆಚ್ಚುಕಡಿಮೆ ನೂರಕ್ಕೆ ನೂರಾಗಬಹುದು, ಸರ್ಕಾರಿ ಗುಮಾಸ್ತನಾಗಿದ್ದರೆ ಹಾಗಾಗದು.

ಕರ್ನಾಟಕದ ಪ್ರಕರಣಗಳಲ್ಲಿ ಈ ಅಂಶ ಎಡವುವುದು ವೈದ್ಯರ ಪ್ರಮಾಣಪತ್ರದ ಬಳಿ. ಮೂಳೆತಜ್ಞರು ‘ಅಂಗಕ್ಕೆ ಶೇ. 60, ಇಡೀ ದೇಹಕ್ಕೆ ಶೇ. 20’ ಎಂದು ಬರೆಯುತ್ತಾರೆ. ಅಂಗದ ಶೇಕಡಾವಾರನ್ನು ಮೂರರಿಂದ ಭಾಗಿಸಿ ಇಡೀ ದೇಹದ್ದೆನ್ನುವ ರೂಢಿ ನಮ್ಮ ನ್ಯಾಯಾಲಯಗಳಲ್ಲಿ ಎಷ್ಟು ಸಹಜವಾಗಿದೆಯೆಂದರೆ ಅದನ್ನು ಯಾರೂ ಪ್ರಶ್ನಿಸುವುದೇ ಇಲ್ಲ. ಅಂಗವಿಕಲತೆಯ ಸೌಲಭ್ಯಗಳಿಗೆ ಆ ಅಳತೆ ಇರಲಿ. ಪರಿಹಾರದ ಪ್ರಕರಣದಲ್ಲಿ, ಅನುಸೂಚಿಯಲ್ಲಿ ಹೆಸರಿಸದ ಗಾಯಗಳಿಗೆ ವೈದ್ಯರು ಹೇಳಬೇಕಾದದ್ದು ಗಳಿಕೆಯ ಸಾಮರ್ಥ್ಯ ಎಷ್ಟು ಕುಂದಿದೆ ಎಂಬುದನ್ನು, ಅದೂ ಅನುಸೂಚಿಯ ಶೇಕಡಾವಾರುಗಳನ್ನು ಗಮನದಲ್ಲಿಟ್ಟುಕೊಂಡು. ಅದಕ್ಕೆ ಅವರಿಗೆ ಗಾಯಾಳುವಿನ ಕಸುಬು ಗೊತ್ತಿರಬೇಕು. ಆಸ್ಪತ್ರೆಗೆ ಬಂದ ದಿನ, ಪೊಲೀಸರಿಗೆ ತಿಳಿಸಬೇಕಾದ ಗಾಯಗಳನ್ನು ದಾಖಲಿಸುವ ಎಂಎಲ್‌ಸಿ ಪುಸ್ತಕದಲ್ಲಿ ‘ಬಡಗಿ, ಅಟ್ಟಣಿಗೆಯಿಂದ ಬಿದ್ದದ್ದು, ಇಂಥ ಕಡೆ ಕೆಲಸದಲ್ಲಿದ್ದಾಗ’ ಎಂದು ಬರೆಸಿದ್ದರೆ ಗಾಯದ ಪ್ರಮಾಣಪತ್ರ, ಡಿಸ್‌ಚಾರ್ಜ್ ಚೀಟಿ, ಮುಂದಿನ ಸಾಕ್ಷ್ಯ ಎಲ್ಲವೂ ಒಂದೇ ದಾರಿಯಲ್ಲಿ ನಡೆಯುತ್ತವೆ. ಮಾಲೀಕನ ಕಡೆಯವರು ಜೊತೆಗೆ ಬಂದು ‘ಮನೆಯಲ್ಲಿ ಜಾರಿ ಬಿದ್ದದ್ದು’ ಎಂದು ಬರೆಸಿ ಹೋಗಿದ್ದರೆ, ಆ ಒಂದು ಸಾಲನ್ನು ಅಳಿಸಲು ವರ್ಷಗಳೇ ಬೇಕಾಗುತ್ತವೆ. ಆಯುಕ್ತರು ಸಾಕ್ಷ್ಯ ನೋಡಿ ನಿಗದಿಪಡಿಸಿದ ಅಸಮರ್ಥತೆಯ ಪ್ರಮಾಣವನ್ನು ಕಾನೂನಿನ ಮಹತ್ವದ ಪ್ರಶ್ನೆಯಿಲ್ಲದೆ ಹೈಕೋರ್ಟು ಮರುತೂಕ ಮಾಡಬಾರದೆಂದು, 2016ರಲ್ಲಿ ಕರ್ನಾಟಕದಿಂದ ಹೋದ ಮೇಲ್ಮನವಿಯಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಅಂದರೆ ವಾಸ್ತವಾಂಶದ ಯುದ್ಧವೆಲ್ಲ ಮೊದಲ ಮೆಟ್ಟಿಲಲ್ಲೇ ಮುಗಿಯುತ್ತದೆ.

ಬಾಕಿ ಹುಟ್ಟುವ ದಿನ

ಮಾಲೀಕನ ಎರಡನೆಯ ವಾದ ಹಣ ಕೊಡಬೇಕಾದ ದಿನದ ಬಗ್ಗೆ. ಹೊಣೆ ಇದೆಯೇ, ಎಷ್ಟು ಎಂಬುದನ್ನು 19ನೇ ಕಲಮಿನಂತೆ ಆಯುಕ್ತರು ತೀರ್ಮಾನಿಸಬೇಕು. ಅವರು ತೀರ್ಮಾನಿಸುವವರೆಗೆ ನಾನು ಕೊಡಬೇಕಾದದ್ದೇ ಏನೂ ಇರಲಿಲ್ಲ. ಇಲ್ಲದ ಬಾಕಿಗೆ ತಡವಾಯಿತೆಂದು ದಂಡ, ಬಡ್ಡಿ ಹೇಗೆ ಎಂಬುದು ಪ್ರಶ್ನೆ. ಪೀಠ ಇದನ್ನು ಒಪ್ಪಲಿಲ್ಲ. ಗಾಯವಾದ ಕೂಡಲೇ 3ನೇ ಕಲಮಿನ ಹೊಣೆ ಹುಟ್ಟುತ್ತದೆ, ಬಾಕಿಯಾದ ಕೂಡಲೇ ಕೊಡಬೇಕೆಂದು 4ಎ ಕಲಂ ಹೇಳುತ್ತದೆ, ಜಗಳವಿದ್ದರೆ ಆಯುಕ್ತರು ಬಗೆಹರಿಸುತ್ತಾರೆ ಎಂಬ 19ನೇ ಕಲಂ ಆ ಹೊಣೆಯನ್ನು ಅಮಾನತಿನಲ್ಲಿ ಇಡುವುದಿಲ್ಲ. ಪೂರ್ತಿ ಮೊತ್ತವನ್ನು ಮಾಲೀಕ ಒಪ್ಪದಿದ್ದರೂ ತಾನು ಒಪ್ಪುವಷ್ಟನ್ನು ತಾತ್ಕಾಲಿಕವಾಗಿ ಪಾವತಿಸಬೇಕೆಂಬ ವಿಧಿ ಅದೇ 4ಎ ಕಲಮಿನಲ್ಲಿದೆ. ಈ ಮಾಲೀಕನಿಗೆ ಗಾಯದ ವಿಷಯ ಗೊತ್ತಿತ್ತು. ಒಂದು ಪೈಸೆ ಕೊಡಲಿಲ್ಲ, ಬದಲಿಗೆ ಅತ್ಯಲ್ಪ ಮೊತ್ತದ ರಾಜಿಗೆ ಒಪ್ಪಿಸಿದ್ದ. ಅವನ ನಡತೆಯನ್ನು ನೋಡಿದರೆ ದಂಡ ಸರಿಯಾದದ್ದೇ ಎಂದು ಮೇಲ್ಮನವಿ ವಜಾ ಆಯಿತು.

ವಕೀಲರಲ್ಲದವರಿಗೆ ಇದು ಸಣ್ಣ ತಾಂತ್ರಿಕ ವಿಚಾರವೆನಿಸಬಹುದು. ಆದರೆ ಪರಿಹಾರ ಕಾನೂನಿನಲ್ಲಿ ಬಡವನ ಕಡೆಗಿರುವ ನಿಜವಾದ ಒತ್ತಡ ಇರುವುದು ಇಲ್ಲಿ. ಬಾಕಿ ಆದೇಶದ ದಿನ ಹುಟ್ಟುತ್ತದೆಯಾದರೆ ವಿಚಾರಣೆ ಎಳೆದಷ್ಟೂ ಮಾಲೀಕನಿಗೆ ಲಾಭ. ಗಾಯದ ದಿನವೇ ಹುಟ್ಟುತ್ತದೆಯಾದರೆ ಎಳೆದಷ್ಟೂ ನಷ್ಟ. 1968ರಲ್ಲಿ ತಿಂಗಳಿಗೆ 49 ರೂಪಾಯಿಯ ಬಡ್ಡಿ 120 ರೂಪಾಯಿ ಸಂಬಳದ ಅರ್ಧವೂ ಆಗುತ್ತಿರಲಿಲ್ಲ. 1995ರ ತಿದ್ದುಪಡಿ ಬಡ್ಡಿಯನ್ನು ಕನಿಷ್ಠ ಶೇ. 12ಕ್ಕೆ ಏರಿಸಿತು, ದಂಡ ಶೇ. 50ರವರೆಗೆ ಉಳಿಯಿತು. ಮಾಲೀಕನು ವಿಮೆ ಮಾಡಿಸಿದ್ದರೆ ಪರಿಹಾರವನ್ನೂ ಬಡ್ಡಿಯನ್ನೂ ವಿಮಾ ಕಂಪನಿ ಕೊಡಬೇಕು, ದಂಡ ಮಾತ್ರ ಮಾಲೀಕನ ಸ್ವಂತ ಜೇಬಿನಿಂದ ಹೋಗಬೇಕೆಂದು 1997ರಲ್ಲಿ ತೀರ್ಮಾನವಾಯಿತು. ತಪ್ಪಿನ ಬಿಸಿ ಮಾಡಿದವನಿಗೇ ತಟ್ಟಲಿ ಎಂಬ ಈ ಹಂಚಿಕೆ ನನಗೆ ನ್ಯಾಯವೆನಿಸುತ್ತದೆ.

ವಿಚಿತ್ರವೆಂದರೆ, ನಾಲ್ವರ ಪೀಠ ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಮುಂದಿನ ಚಿಕ್ಕ ಪೀಠಗಳು ಕಾಣದೇ ಹೋದವು. 2007ರಲ್ಲಿಯೂ 2009ರಲ್ಲಿಯೂ ಬಂದ ತೀರ್ಪುಗಳು ಬಡ್ಡಿ ಆರಂಭವಾಗುವುದು ಆಯುಕ್ತರ ಆದೇಶದ ನಂತರ ಎಂಬ ಧಾಟಿಯಲ್ಲಿ ನಡೆದವು, ಕೆಲವು ವರ್ಷ ವಿಮಾ ಕಂಪನಿಗಳು ಅವನ್ನೇ ಹಿಡಿದು ಬಡ್ಡಿ ಉಳಿಸಿಕೊಂಡವು. 2012ರ ಜುಲೈಯಲ್ಲಿ ಸುಪ್ರೀಂ ಕೋರ್ಟೇ ಈ ಗೊಂದಲವನ್ನು ಬಿಡಿಸಿ, ದೊಡ್ಡ ಪೀಠದ ತೀರ್ಪನ್ನು ಗಮನಿಸದೆ ಕೊಟ್ಟ ಆ ತೀರ್ಪುಗಳು ಪೂರ್ವನಿದರ್ಶನವಾಗಲಾರವು ಎಂದಿತು. ಆಮೇಲೂ ಪ್ರಶ್ನೆ ಸಾಯಲಿಲ್ಲ. ಆಗಿನ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಮೇಲ್ಮನವಿಯಲ್ಲಿ, 2018ರ ನವೆಂಬರಿನಲ್ಲಿ, ಶೇ. 12ರ ಬಡ್ಡಿ ಅಪಘಾತದ ದಿನದಿಂದಲೇ ಎಂದು ಮತ್ತೊಮ್ಮೆ ಹೇಳಬೇಕಾಯಿತು. 2022ರಲ್ಲಿ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾರ್ಮಿಕನ ಸಾವಿನ ಪ್ರಕರಣದಲ್ಲಿ ಇನ್ನೊಮ್ಮೆ. ಒಂದೇ ಮಾತನ್ನು ಅರ್ಧ ಶತಮಾನದಲ್ಲಿ ಕನಿಷ್ಠ ನಾಲ್ಕು ಸಲ ಹೇಳಿಸಿಕೊಂಡ ಕಾನೂನು ಬೇರೆ ಇದೆಯೋ ತಿಳಿಯದು.

ಅದೇ ಗಾಯ, ಇಂದಿನ ಲೆಕ್ಕ

ಮೂವತ್ತು ವರ್ಷದ ಬಡಗಿಯೊಬ್ಬರಿಗೆ ಇದೇ ಗಾಯವಾಯಿತೆಂದು ಇಟ್ಟುಕೊಳ್ಳೋಣ. ಶಾಶ್ವತ ಪೂರ್ಣ ಅಸಮರ್ಥತೆಗೆ ತಿಂಗಳ ಸಂಬಳದ ಶೇ. 60ನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. ಮೂವತ್ತರ ಗುಣಕ 207.98. ನೈಜ ಸಂಬಳ ಎಷ್ಟೇ ಇರಲಿ, 2020ರ ಜನವರಿಯ ಅಧಿಸೂಚನೆ ಲೆಕ್ಕಕ್ಕೆ ತಿಂಗಳಿಗೆ 15,000 ರೂಪಾಯಿಯ ಮಿತಿ ಹಾಕಿತು. ಅದರಂತೆ 9,000ವನ್ನು ಗುಣಿಸಿದರೆ 18,71,820 ರೂಪಾಯಿ. ಎಪ್ಪತ್ತರ ಲೆಕ್ಕದಲ್ಲಿ ಅದು 13,10,274ಕ್ಕೆ ಇಳಿಯುತ್ತದೆ. ಒಂದು ಪದದ ವ್ಯಾಖ್ಯೆಯ ಬೆಲೆ ಐದೂವರೆ ಲಕ್ಷಕ್ಕೂ ಹೆಚ್ಚು. ಪೂರ್ಣ ಮೊತ್ತಕ್ಕೆ ಶೇ. 12ರ ಬಡ್ಡಿ ತಿಂಗಳಿಗೆ 18,718 ರೂಪಾಯಿ ಆಗುತ್ತದೆ, ಅಂದರೆ ಲೆಕ್ಕಕ್ಕೆ ಹಿಡಿದ ತಿಂಗಳ ಸಂಬಳಕ್ಕಿಂತ ಹೆಚ್ಚು. ಆದರೆ 15,000ದ ಮಿತಿಯನ್ನು ಒಪ್ಪಲು ಕಷ್ಟ. ಬೆಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಕೈಹಿಡಿತವಿರುವ ಬಡಗಿ ಅಷ್ಟು ಕಡಿಮೆಗೆ ತಿಂಗಳು ಪೂರ್ತಿ ದುಡಿಯುವುದಿಲ್ಲ. ಕುಶಲಕರ್ಮಿಯ ಗಳಿಕೆಯ ಒಂದು ಪಾಲನ್ನು ಕಾನೂನು ಮೊದಲೇ ಕತ್ತರಿಸಿ, ಆಮೇಲೆ ಉಳಿದದ್ದರ ಶೇ. 60ನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಚಿಕಿತ್ಸೆಯ ವಿಷಯದಲ್ಲಿ 1968ರ ಬಡಗಿಗೆ ಇಲ್ಲದ ಹಕ್ಕೊಂದು ಈಗಿದೆ. 2009ರ ತಿದ್ದುಪಡಿ, ಕಾಯ್ದೆಯ ಹೆಸರನ್ನು ನೌಕರರ ಪರಿಹಾರ ಕಾಯ್ದೆ ಎಂದು ಬದಲಿಸಿದ್ದರ ಜೊತೆಗೆ, ಕೆಲಸದ ಗಾಯದ ಚಿಕಿತ್ಸೆಗೆ ಆದ ವಾಸ್ತವ ಖರ್ಚನ್ನು ಮಾಲೀಕನು ಮರುಪಾವತಿಸಬೇಕೆಂಬ ವಿಧಿಯನ್ನು ಸೇರಿಸಿತು. ಅದು ಜಾರಿಗೆ ಬಂದದ್ದು 2010ರ ಜನವರಿ 18ರಿಂದ. ಇದು ಪರಿಹಾರದ ಮೊತ್ತದ ಒಳಗಿನದಲ್ಲ, ಅದರ ಮೇಲಿನದು. ಆಸ್ಪತ್ರೆಯ ಬಿಲ್ಲನ್ನು ಮಾಲೀಕನೇ ಕಟ್ಟಿದ್ದರೂ ಅದನ್ನು ಪರಿಹಾರದಿಂದ ಕಳೆಯುವಂತಿಲ್ಲ. ‘ಎರಡು ಲಕ್ಷ ಆಸ್ಪತ್ರೆಗೆ ಸುರಿದಿದ್ದೇನೆ, ಇನ್ನೆಲ್ಲಿಯ ಪರಿಹಾರ’ ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಕೃತಕ ಕೈ ಬೇಕೆಂದಾದರೆ ಚಿಕಿತ್ಸೆ ಮಾಡಿದ ವೈದ್ಯರಿಂದ ಲಿಖಿತ ಸಲಹೆ ಪಡೆದು, ತಯಾರಕರ ಅಂದಾಜು ಪಟ್ಟಿಯನ್ನೂ ರಸೀದಿಗಳನ್ನೂ ಚಿಕಿತ್ಸಾ ವೆಚ್ಚದ ಜೊತೆಗೇ ಸಾಕ್ಷ್ಯವಾಗಿ ಹಾಜರುಪಡಿಸುವುದು ಲೇಸು. ಗಾಯಾಳುವಿಗೂ ಒಂದು ಕರ್ತವ್ಯವಿದೆ: ಮಾಲೀಕನು ಉಚಿತ ವೈದ್ಯಕೀಯ ತಪಾಸಣೆಗೆ ಕರೆದರೆ ಕಾರಣವಿಲ್ಲದೆ ನಿರಾಕರಿಸುವಂತಿಲ್ಲ, ವೈದ್ಯರ ಸೂಚನೆಯನ್ನು ಉದ್ದೇಶಪೂರ್ವಕವಾಗಿ ಬಿಟ್ಟು ಗಾಯ ಉಲ್ಬಣಿಸಿದರೆ ಆ ಹೆಚ್ಚಿನ ಭಾಗಕ್ಕೆ ಪರಿಹಾರವಿಲ್ಲ. ಅಂತಿಮ ಅಸಮರ್ಥತೆ ನಿಗದಿಯಾಗುವವರೆಗಿನ ತಾತ್ಕಾಲಿಕ ಅವಧಿಗೆ, ತಿಂಗಳ ಸಂಬಳದ ಶೇ. 25ರಷ್ಟನ್ನು ಪ್ರತಿ ಅರ್ಧ ತಿಂಗಳಿಗೊಮ್ಮೆ ಕೊಡಬೇಕು. ಇದನ್ನು ಕೇಳಿ ಪಡೆದವರು ಬಹಳ ಕಡಿಮೆ.

ಕಾರ್ಖಾನೆಯಲ್ಲಿ ದುಡಿಯುವ, ಇಎಸ್ಐ (ನೌಕರರ ರಾಜ್ಯ ವಿಮೆ) ಚೀಟಿ ಇರುವವರ ದಾರಿ ಬೇರೆ. ಅವರಿಗೆ ಇಎಸ್ಐ ಆಸ್ಪತ್ರೆಯ ಚಿಕಿತ್ಸೆ ಮತ್ತು ಅಂಗವೈಕಲ್ಯಕ್ಕೆ ತಿಂಗಳ ಪಿಂಚಣಿ ಇದೆ, ಅದನ್ನು ಬಿಟ್ಟು ಪರಿಹಾರದ ಅರ್ಜಿ ಹಾಕುವಂತಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಅಪಘಾತ ಸಹಾಯಧನ ಹಾಗಲ್ಲ. ಅದು ಮಂಡಳಿಯ ನೆರವು, ಮಾಲೀಕನ ಹೊಣೆ ಅದರಿಂದ ತೀರುವುದಿಲ್ಲ. ಕರ್ನಾಟಕದಲ್ಲಿ ಹಿಂದೆ ಕಾರ್ಮಿಕ ಅಧಿಕಾರಿಗಳು ನಡೆಸುತ್ತಿದ್ದ ಈ ಪ್ರಕರಣಗಳ ವಿಚಾರಣೆ ಆಮೇಲೆ ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಬಂತು. ಅಪಘಾತವಾಗಿ ಎರಡು ವರ್ಷದೊಳಗೆ ಅರ್ಜಿ ಬೀಳಬೇಕು. ತಡವಾದರೆ ಸಾಕಷ್ಟು ಕಾರಣ ತೋರಿಸಬೇಕು.

2025ರ ನವೆಂಬರ್ 21ರಂದು 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, 1923ರ ಕಾಯ್ದೆಯ ವಸ್ತು ಅದರ ಏಳನೆಯ ಅಧ್ಯಾಯಕ್ಕೆ ಸರಿದಿದೆ. ಆಯುಕ್ತರ ಜಾಗದಲ್ಲಿ ‘ಸಕ್ಷಮ ಪ್ರಾಧಿಕಾರ’ ಎಂಬ ಹೆಸರು ಬಂದಿದೆ, ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯ ಅಪಘಾತವೂ ಕೆಲಸಕ್ಕೆ ನಂಟಿದ್ದರೆ ಕೆಲಸದ ಗಾಯವೇ ಎಂಬ ಹೊಸ ವಿಧಿ ಸೇರಿದೆ. ಪೂರ್ಣ ಅಸಮರ್ಥತೆಯ ಶೇ. 60ರ ಲೆಕ್ಕ, ಅಂಗಗಳ ಅನುಸೂಚಿ, ವಯಸ್ಸಿನ ಗುಣಕ, ಬಾಕಿಯಾದ ಕೂಡಲೇ ಕೊಡಬೇಕೆಂಬ ವಿಧಿ ಹೊಸ ಸಂಹಿತೆಯಲ್ಲೂ ಮುಂದುವರಿದಿವೆ. ಹಳೆಯ ವ್ಯಾಖ್ಯೆಯ ಮಾತುಗಳು ಹೊಸದರಲ್ಲೂ ಉಳಿದಿರುವಷ್ಟು ಕಾಲ ಜೈಪುರದ ಬಡಗಿಯ ತೀರ್ಪನ್ನು ಹೊಸ ಪ್ರಾಧಿಕಾರದ ಮುಂದೆಯೂ ಓದಿ ಹೇಳಬೇಕಾಗುತ್ತದೆ, ಎದುರು ಪಕ್ಷದವರು ಕಾವಲು ಕೆಲಸದ ಪ್ರಶ್ನೆಯನ್ನು ಅಲ್ಲೂ ಎತ್ತುತ್ತಾರೆ.